ಕೊನೇ ಹಾಡಿಂದ ಶುರುವಾಗೋ ಆಲ್ಬಮ್

ಗ್ರೇಟೆಸ್ಟ್ ಹಿಟ್ಸ್ ಆಲ್ಬಮ್ ಅಂದ್ರೆ ಸುಮಾರು ಜನಕ್ಕೆ ಒಂಥರಾ ತಾತ್ಸಾರ. ನಿಜವಾದ ಫ್ಯಾನ್ ಆದ್ರೆ ಪೂರ್ತಿ ಆಲ್ಬಮ್ ಕೇಳ್ಬೇಕು, ಇದೆಲ್ಲ ಕಂಪನಿಯೋರು ದುಡ್ಡು ಮಾಡೋಕೆ ಬಿಡೋದು ಅಂತಾರೆ. ಆದ್ರೆ ಅಮೆರಿಕದ ರಾಕ್ ಬ್ಯಾಂಡ್ ನಿರ್ವಾಣದ್ದು 2002ರಲ್ಲಿ ಬಂತಲ್ಲ, ಕಪ್ಪು ಕವರ್ ಮೇಲೆ ಬರೀ ಬ್ಯಾಂಡ್ ಹೆಸರಿರೋದು, ಅದನ್ನ ದಯವಿಟ್ಟು ಆ ಲೆಕ್ಕಕ್ಕೆ ಸೇರಿಸ್ಬೇಡಿ.

ನಾನು ಇದನ್ನ ಮೊದಲು ಕೇಳಿದ್ದು ಹಾಸ್ಟೆಲ್‌ನಲ್ಲಿ, ಸೀನಿಯರ್ ಒಬ್ರ ಪೆನ್‌ಡ್ರೈವ್‌ನಿಂದ ಕಾಪಿ ಮಾಡ್ಕೊಂಡು. ಫೈಲ್‌ಗಳಿಗೆ ಟ್ರ್ಯಾಕ್ ನಂಬರ್ ಇರ್ಲಿಲ್ಲ, ಹಂಗಾಗಿ ಎಬಿಸಿಡಿ ಪ್ರಕಾರ ಪ್ಲೇ ಆಗೋದು, 'ಅಬೌಟ್ ಎ ಗರ್ಲ್' ಮೊದಲು, 'ಯು ನೋ ಯು ಆರ್ ರೈಟ್' ಎಲ್ಲಕ್ಕಿಂತ ಕೊನೇಗೆ. ವರ್ಷಗಟ್ಲೆ ಹಂಗೇ ಕೇಳಿದೀನಿ. ಆಮೇಲೊಂದಿನ ಸೀಡಿ ಸಿಕ್ತು, ಹಾಕಿದ್ರೆ ಮೊದಲನೇ ಹಾಡೇ 'ಯು ನೋ ಯು ಆರ್ ರೈಟ್'!

ಅದು ಬ್ಯಾಂಡು ಸ್ಟುಡಿಯೋದಲ್ಲಿ ಮುಗಿಸಿದ ಕೊನೇ ಹಾಡು ಕಣ್ರೀ. 1994ರ ಜನವರಿ ಕೊನೇಲಿ ಸಿಯಾಟಲ್ ಹತ್ರ ರಾಬರ್ಟ್ ಲ್ಯಾಂಗ್ ಸ್ಟುಡಿಯೋನ ಮೂರು ದಿನಕ್ಕೆ ಬುಕ್ ಮಾಡಿದ್ರು, ಮೊದಲೆರಡು ದಿನ ಹಾಡುಗಾರ ಕರ್ಟ್ ಕೋಬೇನ್ ಬರ್ಲೇ ಇಲ್ಲ, ಬಾಸ್ ಗಿಟಾರ್‌ನ ಕ್ರಿಸ್ಟ್ ನೊವೊಸೆಲಿಕ್, ಡ್ರಮ್ಸ್‌ನ ಡೇವ್ ಗ್ರೋಲ್ ಇಬ್ರೇ ಕೆಲಸ ಮಾಡ್ತಿದ್ರು, ಮೂರನೇ ದಿನ ಅವನು ಬಂದು ಹಾಡಿದ್ದು ಇದನ್ನ. ಏಪ್ರಿಲ್ 5ಕ್ಕೆ ಅವನೇ ಇಲ್ಲ. ಬರೀ 27 ವರ್ಷ.

ಆಮೇಲೆ ಎಂಟು ವರ್ಷ ಆ ರೆಕಾರ್ಡಿಂಗ್ ಬಿಡುಗಡೆನೇ ಆಗ್ಲಿಲ್ಲ. ಉಳಿದ ಇಬ್ರು ಹಲವು ಸೀಡಿಗಳ ಬಾಕ್ಸ್ ಸೆಟ್‌ಗೆ ಹಾಕೋಣ ಅಂದ್ರೆ, ಕರ್ಟ್ ಹೆಂಡ್ತಿ ಕೋರ್ಟ್ನಿ ಲವ್ ಒಂದೇ ಸೀಡಿಯ ಕಲೆಕ್ಷನ್‌ಗೆ ಹಾಕೋಣ ಅಂತ ಪಟ್ಟು ಹಿಡಿದ್ಲು, ಕೋರ್ಟ್ ಕೇಸಾಯ್ತು, 2002ರಲ್ಲಿ ರಾಜಿಯಾಗಿ ಈ ಆಲ್ಬಮ್ ಬಂತು. ಯಾರದ್ದು ಸರಿ ಯಾರದ್ದು ತಪ್ಪು ಅನ್ನೋಕೆ ನಾನು ಹೋಗಲ್ಲ, ಆದ್ರೆ ಹಾಡು ಸೇರ್ಬೇಕಾದ ಜಾಗಕ್ಕೇ ಸೇರಿದೆ.

ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಗಿಟಾರ್ ತಂತಿ ಸಣ್ಣ ಗಂಟೆ ಥರ ಅಲ್ಲೊಂದು ಇಲ್ಲೊಂದು ಟಿಣ್ ಅನ್ನತ್ತೆ, ದನಿ ತಗ್ಗಿನಲ್ಲಿ, ಸುಸ್ತಾದೋನ ಥರ. ಆಮೇಲೆ 'ಪೇನ್' ಅನ್ನೋ ಒಂದೇ ಒಂದು ಪದ ಹಿಡ್ಕೊಂಡು ಎಳೀತಾನೆ ನೋಡಿ, ಗಂಟಲು ಹರಿದೋಗೋ ಹಂಗೆ, ಪದ ಹೋಗಿ ಬರೀ ಕೂಗು ಉಳಿಯತ್ತೆ. ಅದು ಮುಗಿದ ತಕ್ಷಣ 'ಅಬೌಟ್ ಎ ಗರ್ಲ್', 1989ರ 'ಬ್ಲೀಚ್' ಆಲ್ಬಮ್ಮಿಂದು. ಆರುನೂರು ಡಾಲರ್ ಚಿಲ್ಲರೆಯಲ್ಲಿ ರೆಕಾರ್ಡ್ ಮಾಡಿದ ಆಲ್ಬಮ್ ಅದು, ಹಾಡ್ತಿರೋದು 21 ವರ್ಷದ ಹುಡುಗ, ಅದೇ ಗಂಟಲು, ಇನ್ನೂ ಏನೂ ಆಗಿಲ್ಲ ಅವನಿಗೆ. ಮೊದಲ ಸಲ ಆ ಎರಡು ಹಾಡು ಒಂದರ ಹಿಂದೆ ಒಂದು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದ ಹಂಗಾಯ್ತು. ಬೇರೆ ಯಾವ ಆಲ್ಬಮ್ಮಲ್ಲೂ ಈ ಎರಡು ಹಾಡು ಹಿಂಗೆ ಅಕ್ಕಪಕ್ಕ ಸಿಗಲ್ಲ.

ಬೇಜಾರೂ ಇದೆ. ಅವರ ಆಲ್ಬಮ್ 'ನೆವರ್‌ಮೈಂಡ್'ನಿಂದ ನಾಲ್ಕು ಸಿಂಗಲ್ಸ್, ಅಂದ್ರೆ ಬಿಡಿಯಾಗಿ ಬಿಟ್ಟಿದ್ದ ಹಾಡು, ಎತ್ತಿ ಹಾಕಿದಾರೆ ಅಷ್ಟೇ, 'ಡ್ರೇನ್ ಯು' ಬಿಟ್ಟಿದಾರೆ, ಅದು ನನಗೆ ಒಪ್ಪಿಗೆ ಇಲ್ಲ. ಆದ್ರೆ 'ಪೆನ್ನಿರಾಯಲ್ ಟೀ' ಹಾಡು ಪ್ರೊಡ್ಯೂಸರ್ ಸ್ಕಾಟ್ ಲಿಟ್ ಮಾಡಿದ ಮಿಕ್ಸ್‌ನಲ್ಲಿದೆ, 1994ರಲ್ಲಿ ಸಿಂಗಲ್ ಆಗಿ ಬರ್ಬೇಕಿತ್ತು, ಅವನು ಸತ್ತ ಮೇಲೆ ವಾಪಸ್ ತಗೊಂಡ್ಬಿಟ್ರು, ಹಂಗಾಗಿ ತುಂಬಾ ಜನ ಆ ಮಿಕ್ಸ್ ಕೇಳಿದ್ದೇ ಇಲ್ಲಿ.

ನಿರ್ವಾಣ ಎಲ್ಲಿಂದ ಶುರು ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಈಗ್ಲೂ ಆ ಹಳೇ ಫೋಲ್ಡರನ್ನೇ ಕೊಡ್ತೀನಿ. ಒಂದು ರಾತ್ರಿ ಕೂತು ಎಲ್ಲಾ ಫೈಲಿಗೂ 01, 02 ಅಂತ ನಂಬರ್ ಹಾಕಿಟ್ಟಿದೀನಿ.