ಜಠರ ಬರೀ ಚೀಲವಲ್ಲ

ಎಲ್ಲರಿಗೂ ನಮಸ್ಕಾರ. "ಹೊಟ್ಟೆ ಎಲ್ಲಿದೆ ತೋರಿಸಿ" ಅಂದರೆ ಇಲ್ಲಿರುವ ಮುಕ್ಕಾಲು ಜನ ಹೊಕ್ಕುಳ ಮುಟ್ಟಿಕೊಳ್ಳುತ್ತೀರಿ. ಅಲ್ಲಿರೋದು ಕರುಳು. ಜಠರ ಇರೋದು ಮೇಲೆ, ಎಡ ಪಕ್ಕೆಲುಬುಗಳ ಮರೆಯಲ್ಲಿ. ಹೃದಯಕ್ಕೂ ಅದಕ್ಕೂ ನಡುವೆ ವಪೆ, ಅಂದರೆ ಉಸಿರಾಟದ ಸ್ನಾಯುಪರದೆ, ಒಂದೇ ಅಡ್ಡ. ಅದಕ್ಕೇ ಎದೆನೋವು ಬಂದಾಗ "ಗ್ಯಾಸು ಬಿಡಿ" ಅಂತ ಸೋಡಾ ಕುಡಿದು ಮಲಗಬೇಡಿ.

ಜಠರ ಅಂದರೆ ಊಟ ತುಂಬೋ ಚೀಲ ಅಂದುಕೊಂಡಿದ್ದೀರಿ. ಅಲ್ಲ ಅಂತ ತೋರಿಸಿಕೊಟ್ಟವನು ಅಲೆಕ್ಸಿಸ್ ಸೇಂಟ್ ಮಾರ್ಟಿನ್, ತುಪ್ಪಳ ವ್ಯಾಪಾರದ ಕೂಲಿ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅವನ ಪಕ್ಕೆಗೆ ಬಂದೂಕಿನ ಗುಂಡು ಬಿತ್ತು. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಉಳಿಸಿದರು, ಆದರೆ ತೂತು ಮುಚ್ಚಲೇ ಇಲ್ಲ. ವೈದ್ಯರಿಗೆ ಕಿಟಕಿ ಸಿಕ್ಕಿತು! ದನದ ಮಾಂಸ, ಹಂದಿ ಮಾಂಸ, ಬ್ರೆಡ್ಡು, ಎಲೆಕೋಸು ಎಲ್ಲ ರೇಷ್ಮೆ ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು, ಬಾವಿಗೆ ಕೊಡ ಇಳಿಸಿದ ಹಾಗೆ. ಗಂಟೆ ಬಿಟ್ಟು ಎಳೆದರೆ ಕೋಸು, ಬ್ರೆಡ್ಡು ಅರ್ಧ ಕರಗಿವೆ, ಮಾಂಸ ಹಾಗೇ ಇದೆ. ಜಠರರಸವನ್ನು ಗಾಜಿನ ಸೀಸೆಗೆ ಹಾಕಿ ಬೆಚ್ಚಗಿಟ್ಟರೆ, ಹೊರಗಡೆಯೂ ಮಾಂಸ ಕರಗಿತು. ಕೂಲಿಯವನಿಗೆ ಸಾಕಾಗಿ ಹೋಯಿತು. ತಪ್ಪಿಸಿಕೊಂಡು ಊರಿಗೂ ಹೋದ. ಯಾರು ತಾನೇ ಹೋಗಲ್ಲ ಹೇಳಿ? ಆಮೇಲೆ ಮತ್ತೆ ಬಂದ. 1833ರಲ್ಲಿ ಪುಸ್ತಕ ಬಂತು. ಹೆಸರು ವೈದ್ಯರದು, ಹೊಟ್ಟೆ ಕೂಲಿಯವನದು.

ಈಗ ಆ ರಸ ಎಲ್ಲಿಂದ? ಒಳಗೋಡೆಯ ಸಣ್ಣ ಗುಳಿಗಳ ತಳದ ಗ್ರಂಥಿಗಳಲ್ಲಿ ಪರೈಟಲ್ ಕೋಶಗಳಿವೆ. ಹೈಡ್ರೋಕ್ಲೋರಿಕ್ ಆಮ್ಲ ಸುರಿಸೋದು ಇವೇ. ಪಕ್ಕದ ಚೀಫ್ ಕೋಶಗಳು ಪೆಪ್ಸಿನೋಜೆನ್ ಬಿಡುತ್ತವೆ, ಆಮ್ಲ ತಾಕಿದಾಗಲೇ ಅದು ಮಾಂಸ ಕರಗಿಸುವ ಪೆಪ್ಸಿನ್ ಆಗೋದು. ಮಾಂಸ ಕರಗಿಸುವ ರಸ ಜಠರವನ್ನೇ ಯಾಕೆ ಕರಗಿಸಲ್ಲ? ಲೋಳೆ ಕೋಶಗಳು ಬೈಕಾರ್ಬೊನೇಟ್ ಬೆರೆತ ಲೋಳೆ ಬಳಿಯುತ್ತಲೇ ಇರುತ್ತವೆ. ಮೇಲ್ಪದರವೇ ಕೆಲವು ದಿನಕ್ಕೊಮ್ಮೆ ಹೊಸದಾಗುತ್ತೆ. ಚೀಲ ಹೀಗೆ ಮಾಡುತ್ತಾ? ಪರೈಟಲ್ ಕೋಶಕ್ಕೆ ಇನ್ನೊಂದು ಕೆಲಸ, ಇಂಟ್ರಿನ್ಸಿಕ್ ಫ್ಯಾಕ್ಟರ್ ಕೊಡೋದು. ಅದಿಲ್ಲದೆ ಬಿ12 ವಿಟಮಿನ್ ಸರಿಯಾಗಿ ಹೀರಿಕೆಯಾಗಲ್ಲ. ಜಠರ ಪೂರ್ತಿ ತೆಗೆಸಿಕೊಂಡವರಿಗೆ ಜೀವಮಾನವಿಡೀ ಬಿ12 ಬೇಕು. ಇನ್ನು ಅಂಗಡಿಯಲ್ಲಿ ಕೇಳಿ ನುಂಗೋ "ಗ್ಯಾಸ್ ಮಾತ್ರೆ" ಓಮೆಪ್ರಜೋಲ್ ತಡೆಯೋದು ಗ್ಯಾಸನ್ನಲ್ಲ, ಈ ಕೋಶಗಳ ಆಮ್ಲದ ಪಂಪನ್ನು. ವರ್ಷಗಟ್ಟಲೆ ವೈದ್ಯರನ್ನು ಕೇಳದೆ ನುಂಗಬೇಡಿ.

ಚೀಟಿ ಬಂತು, ಐದೇ ನಿಮಿಷವಂತೆ. ರಕ್ತದ ಮಾತು ಓಡಿಸಿಬಿಡುತ್ತೇನೆ. ಮಹಾಪಧಮನಿಯಿಂದ ಹೊರಟ ಸೀಲಿಯಾಕ್ ಕಾಂಡ ಅನ್ನೋ ರಕ್ತನಾಳಕ್ಕೆ ಮೂರು ಕವಲು. ಮೂರರಿಂದಲೂ ಜಠರಕ್ಕೆ ರಕ್ತ. ಜಠರದ ಎರಡೂ ಅಂಚಿನಲ್ಲಿ ನಾಳಗಳು ಕೈಕೈ ಹಿಡಿದಿವೆ. ಅದಕ್ಕೇ ಅನ್ನನಾಳ ತೆಗೆದಾಗ ಜಠರವನ್ನೇ ಕೊಳವೆ ಮಾಡಿ ಎದೆಗೆ ಎಳೆಯುತ್ತಾರೆ, ಬಹುಪಾಲು ಎಡಗಡೆಯ ದೊಡ್ಡ ಅಂಚಿನ ಒಂದೇ ನಾಳದ ಆಸರೆಯಲ್ಲಿ.

ಹೊರಗೆ ಬೋಂಡ ಕರಿಯೋ ವಾಸನೆ ಬರ್ತಾ ಇದೆ, ಅಲ್ವಾ? ಮುಂದಿನ ಸಾಲಿನವರ ಪರೈಟಲ್ ಕೋಶಗಳು ಆಗಲೇ ಕೆಲಸ ಶುರು ಮಾಡಿವೆ. ಹೋಗಿ, ತಡ ಮಾಡಬೇಡಿ.