ಮಳೆಗೆ ಮುಂಚಿನ ಪುಸ್ತಕ, ಮಳೆಯಲ್ಲೇ ಬಂತು

ನಮಸ್ಕಾರ. ಈ ಸದ್ದು ಕೇಳ್ತಾ ಇದೆ ಅಲ್ವಾ? ಮೈಕ್ ಕೆಟ್ಟಿಲ್ಲ. ಹಂಚಿನ ಮೇಲೆ ಬೀಳುತ್ತಿರುವ ಆರಿದ್ರಾ ಮಳೆ ಅದು. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಈ ತಿಂಗಳಲ್ಲಿ ಸದ್ದಿಲ್ಲದ ಜಾಗ ಹುಡುಕಿ ಮಾತಾಡುತ್ತೇನೆ ಅಂದರೆ ದೀಪಾವಳಿಯವರೆಗೆ ಕಾಯಬೇಕು.

ಮೇಜಿನ ಮೇಲೆ ಇರುವುದು ನನ್ನ ಹೊಸ ಪುಸ್ತಕ. ಮಲೆನಾಡಿನ ಮನೆಗಳಲ್ಲಿ ಮಳೆ ಹಿಡಿಯುವ ಮೊದಲು ಮಾಡಿ ಮುಗಿಸುವ ಕೆಲಸಗಳ ಬಗ್ಗೆ ಬರೆದದ್ದು. ಸೌದೆ ಒಟ್ಟುವುದು, ಗಾಳಿ ಹೊಡೆಯುವ ಕಡೆಯ ಗೋಡೆಗೆ ಸೋಗೆ ತಟ್ಟಿ ಕಟ್ಟುವುದು, ಹಲಸಿನ ಹಪ್ಪಳ, ಅಪ್ಪೆಮಿಡಿ, ಇಂಥವು. ಎಲ್ಲ ರೋಹಿಣಿ ಮಳೆಯೊಳಗೆ ಆಗಬೇಕು. ಪುಸ್ತಕವೂ ಅಷ್ಟರೊಳಗೆ ಬರಬೇಕಿತ್ತು. ಯುಗಾದಿಗೆ ತರುತ್ತೇವೆ ಅಂತ ನಾನೇ ಹೇಳಿಕೊಂಡು ತಿರುಗಿದ್ದೆ. ಬಂದಿದ್ದು ಮೊನ್ನೆ, ಈ ಮಳೆಯಲ್ಲಿ. ಪಾರ್ಸಲ್ ಗಾಡಿಯಿಂದ ಇಳಿಸುವಾಗ ಒಂದು ಕಟ್ಟು ನೆನೆದೂ ಹೋಯಿತು.

ಮಳೆಗೆ ತಯಾರಾಗುವುದು ಹೇಗೆ ಅಂತ 144 ಪುಟ ಬರೆದವಳಿಗೆ ಒಂದು ತಾಡಪಾಲು ತಗೊಂಡು ಹೋಗಬೇಕು ಅಂತ ಹೊಳೆಯಲಿಲ್ಲ. ನಮ್ಮತ್ತೆ ಏನೂ ಅನ್ನಲಿಲ್ಲ. ಸುಮ್ನೆ ನಕ್ಕರು. ಅದು ಜಾಸ್ತಿ ಚುಚ್ಚಿತು. ಹಾಳಾದ 13 ಪ್ರತಿಗಳು ಈಗ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿವೆ, ನೋಡಿ, ಅಡಿಕೆ ಪಕ್ಕದಲ್ಲೇ. ಒಣಗಿವೆ. ಹೊಗೆ ವಾಸನೆ ಬಂದಿದೆ. ಅವನ್ನು ಮಾರುವುದಿಲ್ಲ, ನೆಂಟರಿಗೆ.

ತಡ ಯಾಕಾಯಿತು ಅಂತ ತುಂಬ ಜನ ಕೇಳಿದಿರಿ. ನಾನು ಬರೆಯುವುದು ಯೂನಿಕೋಡ್‌ನಲ್ಲಿ, ಅರ್ಧಕ್ಕರ್ಧ ಮೊಬೈಲಿನಲ್ಲೇ. ಪುಟ ಕಟ್ಟುವವರದು ಪೇಜ್‌ಮೇಕರ್ ಅನ್ನುವ ಹಳೆಯ ತಂತ್ರಾಂಶ, ಅಕ್ಷರ ಯೂನಿಕೋಡ್ ಅಲ್ಲದ ನುಡಿ ಫಾಂಟಿನದು. ಇದರಿಂದ ಅದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಇದ್ದ ಕಡೆಯೆಲ್ಲ ಅಕ್ಷರ ಚೆಲ್ಲಾಪಿಲ್ಲಿ. ಮೂರು ಸಲ ಕರಡು ತಿದ್ದಿದೆ. ಕನ್ನಡದಲ್ಲಿ ಪುಸ್ತಕ ಮಾಡಿಸಿದವರಿಗೆ ಇದು ಹೊಸ ಕತೆಯೇನಲ್ಲ, ಬಿಡಿ.

ಪ್ರಕಾಶಕರು ಅಂದರೆ ಇಬ್ಬರು ಗೆಳೆಯರು, ಒಂದು ಕೋಣೆ. ಡೆಮಿ ಅಷ್ಟಪತ್ರ ಅನ್ನುವ ಮಾಮೂಲಿ ಪುಸ್ತಕದ ಅಳತೆ, 16 ಪುಟದ ಒಂಬತ್ತು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು), 500 ಪ್ರತಿ. ಬೆಲೆ 180 ರೂಪಾಯಿ. ಅಂಗಡಿಗೆ ಕೊಟ್ಟರೆ ಅದರಲ್ಲಿ ನೂರಕ್ಕೆ ನಲವತ್ತು ಅವರಿಗೆ ಹೋಗುತ್ತದೆ. ಅವರಿಗೂ ಬಾಡಿಗೆ, ಕರೆಂಟು ಇದೆ, ತಪ್ಪಲ್ಲ. ಆದರೆ ಮುದ್ರಣದ ಖರ್ಚು ಕಳೆದರೆ ನಮಗೆ ಉಳಿಯುವುದು ಚಹಾದ ದುಡ್ಡು. ಹಾಗಾಗಿ ಈ ಸಲ ನಾವೇ ಕಳಿಸುತ್ತೇವೆ.

ಪುಸ್ತಕ ಬಿಡುಗಡೆಯ ಭಾಷಣಗಳಲ್ಲಿ ಹಳೆಯ ಕಾದಂಬರಿಕಾರ ಗಳಗನಾಥರ ಹೆಸರು ಬಂದೇ ಬರುತ್ತದೆ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದವರು ಅವರು. ಕೇಳಿದಾಗಲೆಲ್ಲ ನನಗೆ ಬೆನ್ನು ನೋಯುತ್ತದೆ. ನನಗೆ ಸ್ಕೂಟರ್ ಇದೆ, ಅಂಚೆ ಕಚೇರಿ ಮೂರು ಕಿಲೋಮೀಟರ್.

ಅಂಚೆಯ ವಿಷಯ ಸ್ವಲ್ಪ ಹೇಳಲೇಬೇಕು. ಹಿಂದಿನ ಪುಸ್ತಕವನ್ನು ರಿಜಿಸ್ಟರ್ಡ್ ಬುಕ್ ಪೋಸ್ಟಿನಲ್ಲಿ ಕಡಿಮೆ ದುಡ್ಡಿಗೆ ಕಳಿಸಿದ್ದೆ. 2024ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಆಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುವಾಯಿತು. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನನ್ನ ಪುಸ್ತಕ ತೂಗಿದರೆ ಸುಮಾರು 200 ಗ್ರಾಂ, ಆರಾಮವಾಗಿ ಹೋಗುತ್ತದೆ. ವಿಮಾನದಲ್ಲಿ ಹೋಗುವುದಿಲ್ಲ, ನೆಲದ ದಾರಿಯಲ್ಲೇ ಬರುತ್ತದೆ. ದಿನಕ್ಕೆರಡು ಸಲ ಮೆಸೇಜ್ ಮಾಡಬೇಡಿ, ದಯವಿಟ್ಟು.

ಇನ್ನು ಪುಸ್ತಕದೊಳಗೆ. ನನಗೆ ಇಷ್ಟವಾದ ಅಧ್ಯಾಯ ಕೊಟ್ಟೆ ಕಟ್ಟುವುದರ ಬಗ್ಗೆ. ಈಗಿನವರು ಎಷ್ಟು ಜನ ನೋಡಿದ್ದೀರೋ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ, ಎಳೆಗಾಯಿ ಕೊಳೆತು ಉದುರುತ್ತದೆ. ಹಿಂದೆ ಅದಕ್ಕೆ ಔಷಧಿ ಇರಲಿಲ್ಲ. ಗುಡ್ಡದ ಕರಡದ ಹುಲ್ಲಿನಿಂದ ಕೊಟ್ಟೆ ಮಾಡಿ, ಮರ ಹತ್ತಿ, ಒಂದೊಂದು ಕೊನೆಗೂ, ಅಂದರೆ ಅಡಿಕೆ ಗೊಂಚಲಿಗೂ, ಟೊಪ್ಪಿ ಹಾಕಿದ ಹಾಗೆ ಕಟ್ಟುತ್ತಿದ್ದರು. ಮಳೆಗೆ ನಾವು ತಲೆ ಮೇಲೆ ಹೊದೆಯುವ ಕಂಬಳಿಕೊಪ್ಪೆಯ ಹಾಗೆ, ಅಡಿಕೆ ಕೊನೆಗೂ ಒಂದು ಅಂದುಕೊಳ್ಳಿ.

ಆಮೇಲೆ ಲೆಸ್ಲಿ ಕೋಲ್ಮನ್ ಬಂದರು. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, 1910ರಲ್ಲಿ ಕೊಳೆರೋಗದ ಮೇಲೆ ಒಂದು ಪುಸ್ತಿಕೆಯನ್ನೇ ತಂದರು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಇಲ್ಲಿಯ ತೋಟಗಳಿಗೆ ತಂದವರು ಅವರು. ನಮ್ಮ ಮನೆಯಲ್ಲಿ ಈಗಲೂ ಅದೇ ಲೆಕ್ಕ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೆನಡಾದಿಂದ ಬಂದವರೊಬ್ಬರು ನಮ್ಮ ಕೊನೆಗಳಿಗೆ ಇಷ್ಟು ತಲೆ ಕೆಡಿಸಿಕೊಂಡಿದ್ದು ನನಗೆ ಇವತ್ತಿಗೂ ಸೋಜಿಗ. ಆ ಅಧ್ಯಾಯ ಸ್ವಲ್ಪ ಉದ್ದವಾಯಿತು ಅಂತ ಪ್ರಕಾಶಕರು ಹೇಳಿದರು. ನಾನು ಕತ್ತರಿಸಲಿಲ್ಲ.

ಮೊದಲ ಪ್ರತಿ ಕೊಟ್ಟಿದ್ದು ನಮ್ಮೂರಿನ ಹಳೆಯ ಕೊನೆಗೌಡರೊಬ್ಬರಿಗೆ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುತ್ತಿದ್ದವರಿಗೆ. ಹುಡುಗನಾಗಿದ್ದಾಗ ಕೊಟ್ಟೆ ಕಟ್ಟಿದ ಕೈ ಅವರದು. ಈಗ ಎಂಬತ್ತು ದಾಟಿದೆ, ಕಣ್ಣು ಮಂಜು. ಮೊಮ್ಮಗಳು ಜಗಲಿಯಲ್ಲಿ ಕೂತು ಓದಿ ಹೇಳಿದಳು. ಅವರು ಎಲೆ ಅಡಿಕೆ ಹಾಕಿಕೊಂಡು ಕೇಳುತ್ತಾ ಇದ್ದರು. ಪುಟ 63ಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಅಮ್ಮಾ, ಇದೇನು ಬರ್ದಿದ್ದೀರಿ? ಒಂದ್ ಮರ ಹತ್ತಿ, ಕಟ್ಟಿ, ಇಳ್ದು, ಇನ್ನೊಂದ್ ಮರ ಹತ್ತೋದಾ?"

"ಹೌದಲ್ಲ?"

"ಹಂಗೆ ಇಳ್ದು ಹತ್ತಿ ಮಾಡ್ತಾ ಕೂತಿದ್ರೆ ಮಳೆಗಾಲ ಮುಗ್ದೇ ಹೋಗ್ತಿತ್ತು! ಮೇಲಿಂದ ಮೇಲೇ ಮರ ಬಗ್ಗಿಸಿ ಪಕ್ಕದ್ದಕ್ಕೆ ದಾಟ್ಕೊಳ್ಳೋದು. ನೆಲ ಮುಟ್ತಿದ್ದದ್ದು ಊಟಕ್ಕೆ."

ಅಡಿಕೆ ಕೊಯ್ಯುವಾಗ ಹಾಗೆ ದಾಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬರೆಯುವಾಗ ಮಾತ್ರ ಯಾಕೆ ಆ ಮನುಷ್ಯನನ್ನು ಪ್ರತಿ ಸಲ ಕೆಳಗಿಳಿಸಿದೆನೋ ಗೊತ್ತಿಲ್ಲ. ಮೂರು ಕರಡು ತಿದ್ದಿದಾಗಲೂ ಕಣ್ಣು ಅರ್ಕಾವತ್ತಿನ ಮೇಲೇ ಇತ್ತು.

"ಈಗ ಅಳ್ಸೋಕಾಗತ್ತಾ?" ಅಂತ ಕೇಳಿದರು. ಆಗಲ್ಲ ಅಂದೆ. "ಹಂಗಾರೆ ಬಾಯಲ್ಲಾದ್ರೂ ಹೇಳ್ಬಿಡಿ ಎಲ್ಲರಿಗೂ."

ಹೇಳುತ್ತಿದ್ದೇನೆ. ಜೊತೆಗೆ ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಅಂತ ತಪ್ಪು ತಿದ್ದುವ ಪಟ್ಟಿ ಇರುತ್ತಿತ್ತಲ್ಲ, ಹಾಗೆ ಒಂದು ಚೀಟಿ ಮಾಡಿಸಿದ್ದೇನೆ. ನಾಲ್ಕು ಸಾಲು, ಅವರು ಹೇಳಿದ ಮಾತಿನಲ್ಲೇ. ನಿನ್ನೆಯಿಂದ ನಾನು, ಅತ್ತೆ, ಮಗ ಕೂತು ಮೈದಾ ಅಂಟಿನಲ್ಲಿ ಹಚ್ಚುತ್ತಿದ್ದೇವೆ. ಈ ಥಂಡಿಗೆ ಅಂಟು ಬೇಗ ಒಣಗುತ್ತಿಲ್ಲ.

ಪುಸ್ತಕ ಬೇಕಾದವರು ಕೆಳಗೆ ಕೊಟ್ಟಿರುವ ನಂಬರಿಗೆ ವಿಳಾಸ ಕಳಿಸಿ, ಪಿನ್‌ಕೋಡ್ ಮರೆಯಬೇಡಿ. ಕೈಗೆ ಬಂದಾಗ ಚೀಟಿ ಕಳಚಿಕೊಂಡಿದ್ದರೆ ಬಿಸಾಡಬೇಡಿ, ಪುಟ 63ಕ್ಕೆ ಸಿಕ್ಕಿಸಿಡಿ.