ಎಕ್ಮೋ ಬಿಲ್ಲಿನ ಓಡಾಟ ಅಪ್ಪ ಅಮ್ಮನ ತಲೆಗೆ ಯಾಕೆ?

ನಮಸ್ಕಾರ. ಅಮೆರಿಕದ ಆಸ್ಪತ್ರೆಗಳ ಚಾರ್ಟ್, ಅಂದರೆ ರೋಗಿಯ ಚಿಕಿತ್ಸೆಯ ದಾಖಲೆ, ನೋಡಿ ಬಿಲ್ಲಿಗಾಗಿ ಪ್ರತಿ ಚಿಕಿತ್ಸೆಗೂ ಒಂದು ಸಂಖ್ಯೆಯ ಕೋಡ್ ಹಾಕುವ ಕೆಲಸದಲ್ಲಿ ನಮ್ಮವರು ತುಂಬಾ ಜನ ಇದ್ದೀರಿ. ಇವತ್ತಿನ ಮಾತು ನಿಮಗೆ. ಅಲ್ಲೇ ಮಕ್ಕಳನ್ನು ಬೆಳೆಸುತ್ತಿರುವ ಅಪ್ಪ ಅಮ್ಮಂದಿರೂ ಕೇಳಿಸಿಕೊಳ್ಳಿ.

ವಿಷಯ ಎಕ್ಮೋ. ಮಗುವಿನ ಹೃದಯವೋ ಶ್ವಾಸಕೋಶವೋ ಕೈಕೊಟ್ಟು, ವೆಂಟಿಲೇಟರ್ ಕೂಡ ಸಾಲದಾದಾಗ ಬಳಸುವ ಯಂತ್ರ. ರಕ್ತವನ್ನು ಮೈಯಿಂದ ಹೊರಗೆ ತಂದು, ಆಕ್ಸಿಜನ್ ಸೇರಿಸಿ, ಮತ್ತೆ ಒಳಗೆ ಕಳಿಸುತ್ತದೆ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾ. ರಾಬರ್ಟ್ ಬಾರ್ಟ್ಲೆಟ್ ಅವರ ತಂಡ ಈ ಯಂತ್ರದಿಂದ ಒಂದು ಹಸುಗೂಸನ್ನು ಉಳಿಸಿತು. ಎಕ್ಮೋದಿಂದ ಬದುಕಿದ ಮೊದಲ ನವಜಾತ ಶಿಶು ಅದು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಡಾಕ್ಟರ ನೋಟ್‌ನಲ್ಲಿ ಒಂದು ಪದ ಬಿಟ್ಟುಹೋಗಿ ಇನ್ಶೂರೆನ್ಸ್‌ಗೆ ಕಳಿಸಿದ ಕ್ಲೇಮ್ ವಾಪಸ್ ಬಂದರೆ, ಆ ಕಾಗದ ಹಿಡಿದು ಓಡಾಡುವ ಕೆಲಸ ಅಪ್ಪ ಅಮ್ಮನಿಗೆ ಬರಲೇಬಾರದು. ಕ್ಲೇಮ್ ಆಸ್ಪತ್ರೆಯಿಂದ ಹೊರಡುವ ಮೊದಲೇ ಆ ಪದ ನೋಟ್‌ಗೆ ಸೇರಿರಬೇಕು. ಸೇರಿಸುವಂತೆ ಕೇಳಬೇಕಾದವರು ನಾವು, ಕೋಡರ್‌ಗಳು.

ಒಂದೇ ಪದಕ್ಕೆ ಇಷ್ಟೊಂದು ರಗಳೆ ಯಾಕೆ ಅಂತೀರಾ? 2014ರವರೆಗೆ ಎಕ್ಮೋಗೆ ಇದ್ದದ್ದು ಬರೀ ಮೂರು ಸಿಪಿಟಿ ಕೋಡ್ (ಡಾಕ್ಟರ ಕೆಲಸಕ್ಕೆ ಬಿಲ್ ಮಾಡುವ ಸಂಖ್ಯೆ). ಮೊದಲ ದಿನಕ್ಕೆ 33960, ಆಮೇಲಿನ ಪ್ರತಿ ದಿನಕ್ಕೆ 33961, ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿದ್ದಕ್ಕೆ 36822. ಹುಟ್ಟಿದ ಕೂಸಿಗೂ ದೊಡ್ಡವರಿಗೂ ಅವೇ. 2015ರ ಜನವರಿ 1ರಿಂದ ಅವು ಹೋಗಿ, 33946ರಿಂದ 33989ರ ನಡುವೆ 25 ಹೊಸ ಕೋಡ್ ಬಂದವು. ಒಳ್ಳೆಯ ಬದಲಾವಣೆ ಅಂತಲೇ ನನ್ನ ನಂಬಿಕೆ. ಪುಟ್ಟ ಮಗುವಿನ ಎಳೆಯ ರಕ್ತನಾಳಕ್ಕೆ ಕ್ಯಾನುಲಾ ಕೂರಿಸುವುದು ಬೇರೆಯದೇ ಕೆಲಸ ಅಂತ ಕೋಡ್ ಕೊನೆಗೂ ಒಪ್ಪಿಕೊಂಡಿತು. ಆದರೆ ಅದರ ಜೊತೆಗೇ, ನೋಟ್ ಎಷ್ಟು ವಿವರವಾಗಿರಬೇಕು ಅನ್ನುವುದೂ ಹೆಚ್ಚಾಯಿತು.

ಹೀಗೊಂದು ಆಪ್ ನೋಟ್, ಅಂದರೆ ಆಪರೇಷನ್ ಬಗ್ಗೆ ಡಾಕ್ಟರು ಬರೆದ ನೋಟ್, ನಿಮ್ಮ ಮುಂದಿದೆ ಅಂದುಕೊಳ್ಳಿ. ನಾಲ್ಕು ವರ್ಷದ ಮಗು. "ಕತ್ತಿನ ಬಲಭಾಗದಲ್ಲಿ ಕ್ಯಾನುಲಾ ಹಾಕಿ ಎಕ್ಮೋ ಶುರು ಮಾಡಲಾಯಿತು." ಅಷ್ಟೇ ಬರೆದಿದೆ. ಡಾಕ್ಟರಿಗೆ ಇದು ಸಾಕು, ಅವರ ಕಣ್ಣೆದುರಿಗೇ ನಡೆದದ್ದು. ನಮಗೆ ಸಾಲದು. ಸೂಜಿ ಚುಚ್ಚಿ ಚರ್ಮದ ಮೂಲಕವೇ ಹಾಕಿದ್ದರೆ 33951. ಕೊಯ್ದು ರಕ್ತನಾಳ ಬಿಡಿಸಿ ಹಾಕಿದ್ದರೆ, ಅಂದರೆ ಓಪನ್ ಆದರೆ, 33953. ಇನ್ನು ಶುರು ಮಾಡಿದ್ದು ವೀನೋ-ವೀನಸ್ (ಅಭಿಧಮನಿಯಿಂದ ತೆಗೆದ ರಕ್ತವನ್ನು ಅಭಿಧಮನಿಗೇ ಕಳಿಸುವುದು) ಆದರೆ 33946, ವೀನೋ-ಆರ್ಟೀರಿಯಲ್ (ಅಪಧಮನಿಗೆ ಕಳಿಸುವುದು) ಆದರೆ 33947. ಮಾರನೇ ದಿನದಿಂದ ಅದಕ್ಕೆ ತಕ್ಕಂತೆ ಎಕ್ಮೋ ನೋಡಿಕೊಳ್ಳುವ ದಿನದ ಮ್ಯಾನೇಜ್‌ಮೆಂಟ್ ಕೋಡ್, 33948 ಅಥವಾ 33949. ಆ ಒಂದು ಸಾಲಿನಲ್ಲಿ ಈ ಎರಡಕ್ಕೂ ಉತ್ತರ ಇಲ್ಲ.

ಊಹೆ ಮಾಡುವ ಆಸೆ ಬರುತ್ತದೆ. "ಚಿಕ್ಕ ಮಗು, ಕತ್ತಿನಲ್ಲಿ ಹಾಕಿದ್ದಾರೆ, ಓಪನ್ನೇ ಇರಬೇಕು ಬಿಡು" ಅಂತ. ದಯವಿಟ್ಟು ಮಾಡಬೇಡಿ. ಡಾಕ್ಟರಿಗೆ ಒಂದು ಕ್ವೆರಿ, ಅಂದರೆ ವಿವರ ಕೇಳುವ ಪ್ರಶ್ನೆ, ಕಳಿಸಿ. ದಿನಕ್ಕೆ ಇಷ್ಟು ಚಾರ್ಟ್ ಮುಗಿಸಲೇಬೇಕು ಅನ್ನುವ ಟಾರ್ಗೆಟ್ ತಲೆ ಮೇಲಿರುವಾಗ ಕ್ವೆರಿ ಅಂದರೆ ಟೈಮ್ ವೇಸ್ಟ್ ಅನಿಸುತ್ತದೆ, ಗೊತ್ತು. ಹಾಗಾಗಿ ಈ ಮಾತು ಟೀಮ್ ಲೀಡ್‌ಗಳಿಗೂ ತಲುಪಲಿ. ಎಕ್ಮೋ ಚಾರ್ಟನ್ನು ಮಾಮೂಲಿ ಚಾರ್ಟ್‌ಗಳ ಲೆಕ್ಕಕ್ಕೆ ಸೇರಿಸುವುದೇ ತಪ್ಪು.

ವಯಸ್ಸಿನ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಕ್ಯಾನುಲಾ ಹಾಕುವ, ಸರಿಪಡಿಸುವ, ತೆಗೆಯುವ ಕೋಡ್‌ಗಳಲ್ಲಿ ಹುಟ್ಟಿನಿಂದ ಐದು ವರ್ಷದವರೆಗೆ ಒಂದು ಗುಂಪು, ಆರರಿಂದ ಮೇಲೆ ಇನ್ನೊಂದು. ಮಗು ಎಕ್ಮೋ ಮೇಲಿರುವಾಗಲೇ ಆರನೇ ಹುಟ್ಟುಹಬ್ಬ ಬಂದರೆ? ಓಪನ್ ಆಗಿ ಹಾಕಿದ್ದಕ್ಕೆ 33953, ತೆಗೆದದ್ದಕ್ಕೆ 33984. ಆಯಾ ದಿನದ ವಯಸ್ಸೇ ಲೆಕ್ಕ. ಆರು ತುಂಬದ ಮಗುವಿಗೆ ಓಪನ್ ಆಗಿ ತೆಗೆದರೆ 33969. ಅಲ್ಲಿಂದ ಸಂಖ್ಯೆ ಒಮ್ಮೆಲೇ 33984ಕ್ಕೆ ಜಿಗಿಯುತ್ತದೆ, ಎಷ್ಟೋ ಜನ ಎಡವುವ ಜಾಗ ಇದು.

ಶುರು ಮಾಡಿದ ದಿನವೇ ದಿನದ ಮ್ಯಾನೇಜ್‌ಮೆಂಟ್ ಕೋಡ್ ಸೇರಿಸುವ ಹಾಗಿಲ್ಲ. ಅದೇ ರಕ್ತನಾಳದಲ್ಲಿ ಕ್ಯಾನುಲಾ ಬದಲಾಯಿಸಿದರೆ ಹಾಕಿದ್ದಕ್ಕೆ ಮಾತ್ರ ಕೋಡ್, ತೆಗೆದದ್ದಕ್ಕೆ ಇಲ್ಲ. ಇವೆರಡನ್ನೂ ಬಹುತೇಕರು ಸರಿಯಾಗಿಯೇ ಮಾಡುತ್ತಾರೆ. ಜಗಳ ಶುರುವಾಗುವುದು ಬೇರೆ ಕಡೆ. ಎಕ್ಮೋ ನೋಡಿಕೊಳ್ಳುವುದು ಒಂದು ಕೆಲಸ, ಇಡೀ ಮಗುವನ್ನು ನೋಡಿಕೊಳ್ಳುವುದು ಇನ್ನೊಂದು. 28 ದಿನದೊಳಗಿನ ಕೂಸಿಗೆ ಐಸಿಯು ಡಾಕ್ಟರು ಇಡೀ ಮಗುವಿನ ಆ ದಿನದ ಆರೈಕೆಗೆ 99469 ಹಾಕಿದ ದಿನವೇ ಎಕ್ಮೋದ 33949 ಬರಬಹುದು. ನಿಯಮ ಅದನ್ನು ಒಪ್ಪುತ್ತದೆ. ಆದರೆ ಎರಡು ಕೆಲಸವೂ ನೋಟ್‌ನಲ್ಲಿ ಬೇರೆ ಬೇರೆಯಾಗಿ ಕಾಣಬೇಕು. ರಕ್ತದ ಹರಿವು, ಹೆಪ್ಪುಗಟ್ಟದಂತೆ ಕೊಟ್ಟ ಔಷಧಿ, ಕ್ಯಾನುಲಾ ಇರುವ ಜಾಗ, ಇವು ಎಕ್ಮೋ ನೋಟ್‌ನಲ್ಲಿ ಇರಲಿ. ನಿನ್ನೆಯ ನೋಟನ್ನೇ ಕಾಪಿ ಪೇಸ್ಟ್ ಮಾಡಿದ್ದರೆ, ಕ್ಲೇಮ್ ತಳ್ಳಿಹಾಕಲು ಇನ್ಶೂರೆನ್ಸ್‌ನವರಿಗೆ ಕಾರಣ ನಾವೇ ಕೊಟ್ಟಂತೆ.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಹಗಲು ರಾತ್ರಿ ಆ ಯಂತ್ರದ ಪಕ್ಕದಲ್ಲಿ ಕೂತು ಪ್ರತಿ ಟ್ಯೂಬ್ ಕಾಯುವ ಎಕ್ಮೋ ಸ್ಪೆಷಲಿಸ್ಟ್‌ಗೆ ಈ 25ರಲ್ಲಿ ತನ್ನದು ಅಂತ ಒಂದು ಕೋಡ್ ಇಲ್ಲ. ಅವರ ದುಡಿಮೆ ಆಸ್ಪತ್ರೆಯ ಒಟ್ಟು ಖರ್ಚಿನಲ್ಲಿ ಸೇರಿಹೋಗುತ್ತದೆ. ಅಪ್ಪ ಅಮ್ಮ ಜಾಸ್ತಿ ನೋಡುವ ಮುಖವೇ ಅವರದು. ಡಾಕ್ಟರ ಬಿಲ್ಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಈಗ ಅಪ್ಪ ಅಮ್ಮಂದಿರಿಗೆ. ಇನ್ಶೂರೆನ್ಸ್‌ನಿಂದ ಬರುವ ವಿವರಣೆ ಕಾಗದ ಬಿಲ್ ಅಲ್ಲ. ಅದರಲ್ಲಿ "ನಿರಾಕರಿಸಲಾಗಿದೆ" ಅಂತ ಕಂಡ ತಕ್ಷಣ ದುಡ್ಡು ಕಟ್ಟಲು ಹೋಗಬೇಡಿ. ಮೊದಲು ಆಸ್ಪತ್ರೆಯಿಂದ ಐಟಂವಾರು ಬಿಲ್ ಕೇಳಿ, ಅಪೀಲ್ ಯಾರು ಹಾಕುತ್ತಿದ್ದಾರೆ ಅಂತ ವಿಚಾರಿಸಿ. 2022ರ ಜನವರಿಯಿಂದ ನೋ ಸರ್ಪ್ರೈಸಸ್ ಆಕ್ಟ್ ಜಾರಿಯಲ್ಲಿದೆ. ತುರ್ತು ಚಿಕಿತ್ಸೆ ಕೊಟ್ಟವರು ನೆಟ್‌ವರ್ಕ್‌ನ ಹೊರಗಿನವರು (ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇಲ್ಲದವರು) ಅನ್ನುವ ಕಾರಣಕ್ಕೆ ಹೆಚ್ಚುವರಿ ಬಿಲ್ ನಿಮ್ಮ ಮೇಲೆ ಹೊರಿಸುವಂತಿಲ್ಲ. ಏರ್ ಆಂಬುಲೆನ್ಸ್ ಕೂಡ ಅದರೊಳಗೆ ಬರುತ್ತದೆ. ರಸ್ತೆಯ ಆಂಬುಲೆನ್ಸ್ ಬರುವುದಿಲ್ಲ. ಎಕ್ಮೋ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಎಷ್ಟೋ ಮಕ್ಕಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲೇಬೇಕು. ಆಂಬುಲೆನ್ಸನ್ನು ಆರಿಸುವುದು ಅಪ್ಪ ಅಮ್ಮ ಅಲ್ಲವಲ್ಲ? ಈ ತೂತನ್ನು ಅಲ್ಲಿನ ಸಂಸತ್ತು ಮುಚ್ಚಲೇಬೇಕು.

ಕೂಸು ಹುಟ್ಟಿದ ಕೂಡಲೇ ಎಕ್ಮೋಗೆ ಹೋಗಿದ್ದರೆ ಇನ್ನೂ ಒಂದು ಕೆಲಸ ಇದೆ. ಕಂಪನಿಯ ಇನ್ಶೂರೆನ್ಸ್‌ಗೆ ಮಗುವಿನ ಹೆಸರು ಸೇರಿಸಲು ಸಾಮಾನ್ಯವಾಗಿ ಸಿಗುವುದು 30 ದಿನ. ಆ ಒಳಗೆ ಸೇರಿಸಿದರೆ ಹುಟ್ಟಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಐಸಿಯು ಬಾಗಿಲಲ್ಲಿ ನಿಂತವರಿಗೆ ಇದು ನೆನಪಾಗುವುದಿಲ್ಲ, ಆಗಬೇಕು ಅಂತ ನಿರೀಕ್ಷಿಸುವುದೂ ಸರಿಯಲ್ಲ. ಆಸ್ಪತ್ರೆಯ ಸೋಶಿಯಲ್ ವರ್ಕರ್ ಮೊದಲ ವಾರದಲ್ಲೇ ಫಾರ್ಮ್ ಕೈಯಲ್ಲಿ ಹಿಡಿದುಕೊಂಡೇ ಅವರ ಹತ್ತಿರ ಹೋಗಿ, ಅಲ್ಲೇ ಕೂತು ತುಂಬಿಸಿಕೊಡಬೇಕು.